ಪಟ್ಟ ಕಟ್ಟುವವರು

ಒಂದು ಅರಮನೆಯ ಒಳಸಂಚುಗಳನ್ನು ಹಲವು ಸಂಪುಟಗಳಲ್ಲಿ ಹೇಳುವ ಕಾದಂಬರಿ ಮಾಲೆಯನ್ನು ಓದಿ ಮುಗಿಸಿದವರು ಮೊದಲು ಕೇಳುವ ಪ್ರಶ್ನೆ ಒಂದೇ: ಇವುಗಳಲ್ಲಿ ಯಾವುದು ಎಲ್ಲಕ್ಕಿಂತ ಚೆನ್ನಾಗಿದೆ? ಪ್ರಶ್ನೆ ಸಹಜವಾದದ್ದೇ. ಆದರೆ ಉತ್ತರ ಕೊಡುವಾಗ ನಾವು ಯಾವ ಅಳತೆಯನ್ನು ಹಿಡಿದು ಅಳೆಯುತ್ತಿದ್ದೇವೆ ಎಂಬುದನ್ನು ವಿಚಾರಿಸಿಕೊಳ್ಳುವುದು ಕಡಿಮೆ. ಯಾವ ಪುಸ್ತಕ ರಾತ್ರಿಯೆಲ್ಲ ಎಚ್ಚರ ಇರಿಸಿತು, ಯಾವುದರಲ್ಲಿ ಹೆಚ್ಚು ತಲೆಗಳು ಉರುಳಿದವು, ಯಾವ ತಿರುವು ಅನಿರೀಕ್ಷಿತವಾಗಿತ್ತು ಎಂಬುದರ ಮೇಲೆ ತೀರ್ಪು ಬಿದ್ದುಬಿಡುತ್ತದೆ. ಒಳಸಂಚಿನ ಕಥೆಗೆ ಈ ಅಳತೆ ಸಾಲದು ಎಂದು ನನಗೆ ಬಹುಕಾಲದಿಂದ ಅನ್ನಿಸಿದೆ. ಯಾಕೆ ಸಾಲದು, ಅದರ ಬದಲಿಗೆ ಯಾವ ಅಳತೆ ಬೇಕು ಎಂಬುದನ್ನು ಈ ಬರಹದಲ್ಲಿ ವಿಚಾರ ಮಾಡುತ್ತೇನೆ.

ಈ ಹೊತ್ತಿನ ಕಿರಿಯ ಓದುಗರಿಗೆ ಅರಮನೆಯ ಸಂಚು ಎಂದರೆ ಜಾರ್ಜ್ ಆರ್. ಆರ್. ಮಾರ್ಟಿನ್ ಕಟ್ಟಿದ ಕಲ್ಪಿತ ರಾಜ್ಯಗಳು ನೆನಪಾಗುತ್ತವೆ. ಅವರ ಮಾಲೆಯ ಮೊದಲ ಪುಸ್ತಕ ಬಂದದ್ದು 1996ರಲ್ಲಿ, ಐದನೆಯದು 2011ರಲ್ಲಿ. ಆ ಮಾಲೆಯನ್ನು ಆಧರಿಸಿದ ಟಿ.ವಿ. ಧಾರಾವಾಹಿ ನಮ್ಮ ಊರುಗಳ ಹುಡುಗ ಹುಡುಗಿಯರ ಮೊಬೈಲಿಗೂ ತಲುಪಿತು. ತಮಿಳಿನವರಿಗೆ ಕಲ್ಕಿಯವರ ‘ಪೊನ್ನಿಯಿನ್ ಸೆಲ್ವನ್’ ಇದೆ. 1950ರಿಂದ 1954ರವರೆಗೆ ವಾರಪತ್ರಿಕೆಯಲ್ಲಿ ಹರಿದು ಬಂದು ಐದು ಭಾಗಗಳಾದ ಕಥೆ. ಹಿಂದಿಯವರಿಗೆ ದೇವಕೀನಂದನ ಖತ್ರಿಯವರ ‘ಚಂದ್ರಕಾಂತಾ’ ಇದೆ. ಕನ್ನಡದಲ್ಲಿ ಆ ಜಾಗವನ್ನು ತುಂಬಿದ್ದು ಮಾಂತ್ರಿಕರೂ ಡ್ರ್ಯಾಗನ್‌ಗಳೂ ಇರುವ ಕಥೆಗಳಲ್ಲ, ಐತಿಹಾಸಿಕ ಕಾದಂಬರಿಗಳು. ಅವುಗಳಲ್ಲಿ ಅತಿ ದೀರ್ಘವಾಗಿ ಒಂದೇ ಗದ್ದುಗೆಯ ಸುತ್ತ ಸುತ್ತಿದ್ದು ತ.ರಾ.ಸು. ಅವರ ಚಿತ್ರದುರ್ಗದ ಕಾದಂಬರಿಗಳು.

ದಾವಣಗೆರೆ, ಹರಿಹರದ ಓದುಗರಿಗೆ ಇವು ಪರಸ್ಥಳದ ಪುಸ್ತಕಗಳಲ್ಲ. ತಳುಕಿನ ರಾಮಸ್ವಾಮಯ್ಯ ಸುಬ್ಬರಾಯರ ಮನೆತನ ಚಳ್ಳಕೆರೆ ಸೀಮೆಯ ತಳುಕಿನದಾದರೂ ಅವರು ಹುಟ್ಟಿದ್ದು ಹರಿಹರ ತಾಲ್ಲೂಕಿನ ಮಲೇಬೆನ್ನೂರಿನಲ್ಲಿ, 1920ರ ಏಪ್ರಿಲ್ 21ರಂದು. ಕನ್ನಡದ ದೊಡ್ಡ ಅಧ್ಯಾಪಕ ಟಿ.ಎಸ್. ವೆಂಕಣ್ಣಯ್ಯನವರು ಅವರ ದೊಡ್ಡಪ್ಪ. ಸ್ವಾತಂತ್ರ್ಯ ಚಳವಳಿಯಲ್ಲಿ ಸೆರೆಮನೆ ಕಂಡು, ಅ.ನ.ಕೃ. ಅವರ ಜೊತೆ ಪ್ರಗತಿಶೀಲ ಚಳವಳಿಯಲ್ಲಿ ನಿಂತು, ‘ಹಂಸಗೀತೆ’, ‘ಚಂದವಳ್ಳಿಯ ತೋಟ’, ‘ನಾಗರಹಾವು’ ಬರೆದವರು ಅವರು. 1984ರ ಏಪ್ರಿಲ್ 10ರಂದು ತೀರಿಕೊಂಡರು. ‘ದುರ್ಗಾಸ್ತಮಾನ’ಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಮರುವರ್ಷ, ಅವರು ಇಲ್ಲದಾಗ.

ದುರ್ಗದ ಕಾದಂಬರಿಗಳ ಸಾಲು ಹೀಗಿದೆ. ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ ಎಂಬ ಮೂರು ಒಂದಕ್ಕೊಂದು ಬೆಸೆದುಕೊಂಡವು. ಹದಿನೇಳನೇ ಶತಮಾನದ ಕೊನೆಯಲ್ಲಿ ದಳವಾಯಿ ಮುದ್ದಣ್ಣ ದುರ್ಗವನ್ನು ತನ್ನ ಮುಷ್ಟಿಯಲ್ಲಿ ಹಿಡಿದ ಕಾಲದ ಕಥೆ ಅದು. ‘ಹೊಸಹಗಲು’, ‘ವಿಜಯೋತ್ಸವ’, ‘ರಾಜ್ಯದಾಹ’, ‘ಕಸ್ತೂರಿ ಕಂಕಣ’ ಆಮೇಲಿನ ನಾಯಕರ ಕಾಲಕ್ಕೆ ಬರುತ್ತವೆ. ಕೊನೆಯದು, 1982ರಲ್ಲಿ ಪ್ರಕಟವಾದ ‘ದುರ್ಗಾಸ್ತಮಾನ’, ಕಡೆಯ ಮದಕರಿನಾಯಕ ಪಟ್ಟಕ್ಕೆ ಬಂದಲ್ಲಿಂದ 1779ರಲ್ಲಿ ಹೈದರಾಲಿಯ ಕೈಗೆ ಕೋಟೆ ಬೀಳುವವರೆಗಿನ ಕಥೆ. ಮುದ್ದಣ್ಣನ ಅಧಿಕಾರ ಮುಗಿದು ಬಿಚ್ಚುಗತ್ತಿ ಭರಮಣ್ಣನಾಯಕ ಪಟ್ಟಕ್ಕೆ ಬಂದದ್ದು 1689ರಲ್ಲಿ. ಅಂದರೆ ತ್ರಿವಳಿ ಮುಗಿಯುವ ಗಳಿಗೆಗೂ ಕೋಟೆ ಬೀಳುವ ಗಳಿಗೆಗೂ ನಡುವೆ ತೊಂಬತ್ತು ವರ್ಷ. ಈ ಎರಡು ತುದಿಗಳನ್ನು ಪಕ್ಕ ಪಕ್ಕ ಇಟ್ಟು ನೋಡಿದರೆ ಹೋಲಿಕೆಯ ಪ್ರಶ್ನೆ ನಿಜವಾಗಿ ತೆರೆದುಕೊಳ್ಳುತ್ತದೆ.

ನಮ್ಮಲ್ಲಿ ಈ ಪುಸ್ತಕಗಳನ್ನು ಹೋಲಿಸುವಾಗ ಮೂರು ಅಳತೆಗಳು ಬಳಕೆಯಲ್ಲಿವೆ. ಮೊದಲನೆಯದು ರೋಚಕತೆ. ಇದರ ಪ್ರಕಾರ ‘ರಕ್ತರಾತ್ರಿ’ ಗೆಲ್ಲುತ್ತದೆ. ಆದರೆ ದುರ್ಗದ ಕಥೆಯಲ್ಲಿ ಮುಂದೇನಾಗುತ್ತದೆ ಎಂಬುದು ಗುಟ್ಟಲ್ಲ. ಕೋಟೆ ಬಿತ್ತು ಎಂಬುದು ಈ ಸೀಮೆಯ ಮಕ್ಕಳಿಗೂ ಗೊತ್ತು. ಕೊನೆ ಗೊತ್ತಿರುವ ಕಥೆಯನ್ನು ಜನ ಮತ್ತೆ ಮತ್ತೆ ಓದುತ್ತಾರೆಂದರೆ ಅವರನ್ನು ಹಿಡಿದಿಟ್ಟಿರುವುದು ಕುತೂಹಲವೊಂದೇ ಅಲ್ಲ. ಎರಡನೆಯದು ನಾಯಕಪಾತ್ರದ ಎತ್ತರ. ಇದರಲ್ಲಿ ಮದಕರಿ ಗೆಲ್ಲುತ್ತಾನೆ, ಜೊತೆಗೆ ‘ದುರ್ಗಾಸ್ತಮಾನ’ವೂ. ಆದರೆ ನಾವು ಆಗ ತೂಗುವುದು ವೀರನ ಮೇಲಿನ ನಮ್ಮ ಅಭಿಮಾನವನ್ನು, ಪುಸ್ತಕವನ್ನಲ್ಲ. ಮೂರನೆಯದು ಇತಿಹಾಸಕ್ಕೆ ಎಷ್ಟು ಹತ್ತಿರ ಎಂಬುದು. ದಾಖಲೆ ಹೆಚ್ಚಾಗಿ ಸಿಗುವುದು ಕೊನೆಯ ಕಾಲಕ್ಕೆ, ಹೈದರನ ಕಾಲಕ್ಕೆ. ಮುದ್ದಣ್ಣನ ಕಾಲಕ್ಕೆ ಸಿಗುವುದು ಕೆಲವು ಸಾಲು ಮಾತ್ರ. ಮಿಕ್ಕದ್ದನ್ನೆಲ್ಲ ಕಾದಂಬರಿಕಾರ ತಾನೇ ಕಟ್ಟಬೇಕು. ದಾಖಲೆ ಕಡಿಮೆ ಇದ್ದದ್ದಕ್ಕೆ ಒಂದು ಪುಸ್ತಕವನ್ನು ಕೆಳಗಿಡುವುದು ನ್ಯಾಯವಲ್ಲ.

ಹಾಗಾದರೆ ಯಾವ ಅಳತೆ? ಒಳಸಂಚಿನ ಕಥೆಯ ಜೀವ ಎಲ್ಲಿದೆ ಎಂದು ಹುಡುಕಿದರೆ ಅದು ಒಂದು ಪ್ರಶ್ನೆಯಲ್ಲಿ ಸಿಗುತ್ತದೆ: ಗದ್ದುಗೆಯ ಮೇಲೆ ಮುಂದೆ ಕೂರುವವರು ಯಾರು ಎಂದು ತೀರ್ಮಾನಿಸುವ ಅಧಿಕಾರ ಯಾರದ್ದು? ವಿಷ, ಕತ್ತಿ, ಸುಳ್ಳು ಪತ್ರ, ಗುಟ್ಟಿನ ಬಾಗಿಲು, ಮದುವೆಯ ಸಂಬಂಧ, ಇವೆಲ್ಲ ಆ ಅಧಿಕಾರಕ್ಕಾಗಿ ನಡೆಯುವ ಕೆಲಸಗಳು. ರಾಜನ ಮಗನೇ ರಾಜ ಎಂಬ ಕಟ್ಟಳೆ ಗಟ್ಟಿಯಾಗಿದ್ದಾಗ ಸಂಚಿಗೆ ಎಡೆ ಕಡಿಮೆ. ಮಗನಿಲ್ಲದಾಗ, ಮಗ ಹಸುಳೆಯಾಗಿದ್ದಾಗ, ಸೈನ್ಯದ ಯಜಮಾನ ರಾಜನಿಗಿಂತ ಬಲವಾಗಿದ್ದಾಗ ಕಟ್ಟಳೆ ಸಡಿಲವಾಗುತ್ತದೆ, ಪಟ್ಟ ಕಟ್ಟುವವರು ಹುಟ್ಟಿಕೊಳ್ಳುತ್ತಾರೆ. ಆದ್ದರಿಂದ ಇಂಥ ಮಾಲೆಯ ಪುಸ್ತಕಗಳನ್ನು ಹೋಲಿಸುವಾಗ ಕೇಳಬೇಕಾದದ್ದು ಇದು: ಪಟ್ಟ ಕಟ್ಟುವವರು ಯಾರೆಂಬ ಪ್ರಶ್ನೆಯನ್ನು ಪ್ರತಿಯೊಂದು ಪುಸ್ತಕ ಎಷ್ಟು ಆಳಕ್ಕೆ ಒಯ್ಯುತ್ತದೆ? ಹಿಂದಿನ ಪುಸ್ತಕ ಕೊಟ್ಟ ಉತ್ತರದ ಮುಂದಕ್ಕೆ ಹೋಗುತ್ತದೆಯೇ, ಅದನ್ನೇ ಹೊಸ ಬಟ್ಟೆಯಲ್ಲಿ ಮತ್ತೆ ತರುತ್ತದೆಯೇ?

ಮೊದಲ ತುದಿಯನ್ನು ನೋಡೋಣ. 1686ರ ಸುಮಾರಿಗೆ ಚಿಕ್ಕಣ್ಣನಾಯಕ ತೀರಿಕೊಂಡ ಮೇಲೆ ಲಿಂಗಣ್ಣನಾಯಕ ಪಟ್ಟಕ್ಕೆ ಬಂದ. ಎರಡು ವರ್ಷ ಕಳೆಯುವುದರೊಳಗೆ ದಳವಾಯಿ ಮುದ್ದಣ್ಣ ಅವನನ್ನು ಕೊಲ್ಲಿಸಿ ದೊಣ್ಣೆ ರಂಗಪ್ಪನಾಯಕನನ್ನು ಕೂರಿಸಿದ. ಹೆಸರಿಗೆ ನಾಯಕ ಬೇರೆ, ಆಳುವವನು ಮುದ್ದಣ್ಣ. ಅವನೂ ಅವನ ತಮ್ಮಂದಿರೂ ದುರ್ಗವನ್ನು ಸ್ವಂತದ ಸೊತ್ತಿನಂತೆ ನಡೆಸಿದರು. ಇದರಿಂದ ರೋಸಿದ ದರಬಾರಿನ ಇನ್ನೊಂದು ಬಣ ತಿರುಗಿಬಿದ್ದು ಮುದ್ದಣ್ಣನನ್ನು ಮುಗಿಸಿ ಭರಮಣ್ಣನನ್ನು ಕರೆತಂದಿತು. ನಾಲ್ಕು ವರ್ಷದೊಳಗೆ ಗದ್ದುಗೆಯ ಮೇಲೆ ನಾಲ್ವರು. ಇತಿಹಾಸ ಇಷ್ಟನ್ನು ಹೇಳಿ ಸುಮ್ಮನಾಗುತ್ತದೆ. ತ.ರಾ.ಸು. ಈ ಎಲುಬುಗಳಿಗೆ ಮಾಂಸ ತುಂಬಿ, ಅಂತಃಪುರದ ದುಃಖವನ್ನೂ ದಂಡಿನ ಲೆಕ್ಕಾಚಾರವನ್ನೂ ಕಲ್ಪಿಸಿಕೊಂಡು ಮೂರು ಸಂಪುಟ ಬೆಳೆಸಿದರು.

ಈ ತ್ರಿವಳಿಯ ಬಲ ಅದರ ಬಿಗಿಯಲ್ಲಿದೆ. ಎಲ್ಲ ಎಳೆಗಳೂ ಮುದ್ದಣ್ಣನಲ್ಲಿಗೆ ಬಂದು ಸೇರುತ್ತವೆ. ಸೈನ್ಯವನ್ನು ಕೈಯಲ್ಲಿಟ್ಟುಕೊಂಡವನು ಯಾರನ್ನು ಬೇಕಾದರೂ ನಾಯಕನನ್ನಾಗಿ ಮಾಡಬಲ್ಲ ಎಂಬ ಸತ್ಯವನ್ನು ಓದುಗನ ಕಣ್ಣೆದುರೇ ನಡೆಸಿ ತೋರಿಸುವ ಪುಸ್ತಕಗಳು ಇವು. ದಳವಾಯಿಗೆ ಗದ್ದುಗೆ ಬೇಡ. ಗದ್ದುಗೆಯ ಮೇಲೆ ತನ್ನ ಮಾತು ಕೇಳುವವನು ಬೇಕು. ತಾನೇ ಕೂತರೆ ನಾಯಕ ವಂಶದ ರಕ್ತವಿಲ್ಲವೆಂದು ಜನ ಏಳುತ್ತಾರೆ, ಮಠ ಒಪ್ಪುವುದಿಲ್ಲ, ಬೇಡರ ಪಡೆ ಒಡೆಯುತ್ತದೆ. ರಾಜನನ್ನು ಕೊಂದವನೂ ರಾಜವಂಶದ ಗೌರವವನ್ನು ಬಳಸಿಕೊಳ್ಳದೆ ಆಳಲಾರ ಎಂಬ ಈ ಅರಿವು ತ್ರಿವಳಿಯ ದೊಡ್ಡ ಗಳಿಕೆ. ಮೈಸೂರಿನಲ್ಲಿ ಹದಿನೆಂಟನೇ ಶತಮಾನದಲ್ಲಿ ದೇವರಾಜಯ್ಯ, ನಂಜರಾಜಯ್ಯ ಸೋದರರು ಒಡೆಯರನ್ನು ಗದ್ದುಗೆಯ ಮೇಲಿಟ್ಟು ತಾವು ಆಳಿದ್ದನ್ನೂ, ಹೈದರ್ ಅದೇ ದಾರಿ ಹಿಡಿದದ್ದನ್ನೂ ನೆನೆದರೆ ಮುದ್ದಣ್ಣನ ಕಥೆ ಆ ಕಾಲದ ಎಷ್ಟೊಂದು ಅರಮನೆಗಳ ಕಥೆ ಎಂಬುದು ತಿಳಿಯುತ್ತದೆ.

ಆದರೆ ತ್ರಿವಳಿಗೆ ಒಂದು ಮಿತಿಯಿದೆ. ಕೇಡನ್ನೆಲ್ಲ ಒಬ್ಬನಲ್ಲಿ ಕೂಡಿಹಾಕಿದ್ದರಿಂದ ಅವನ ಸಾವು ಪರಿಹಾರವಾಗಿಬಿಡುತ್ತದೆ. ಮುದ್ದಣ್ಣ ಸತ್ತ, ಭರಮಣ್ಣ ಬಂದ, ದುರ್ಗಕ್ಕೆ ಬೆಳಗಾಯಿತು. ಭರಮಣ್ಣನಾಯಕ 1721ರವರೆಗೆ ಆಳಿ ಕೆರೆಗಳನ್ನೂ ಗುಡಿಗಳನ್ನೂ ಕಟ್ಟಿಸಿದ್ದು ನಿಜ. ಭೀಮಸಮುದ್ರದ ಕೆರೆ ಇಂದಿಗೂ ಅವನ ಹೆಸರು ಹೇಳುತ್ತದೆ. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಭರಮಣ್ಣನನ್ನು ಕೂರಿಸಿದ್ದು ಕಟ್ಟಳೆಯಲ್ಲ, ಇನ್ನೊಂದು ಬಣದ ಕತ್ತಿ. ಮುದ್ದಣ್ಣ ಬಳಸಿದ ದಾರಿಯಲ್ಲೇ ಮುದ್ದಣ್ಣನ ವೈರಿಗಳೂ ನಡೆದರು. ಕೂತವನು ಒಳ್ಳೆಯವನಾದದ್ದು ದುರ್ಗದ ಅದೃಷ್ಟ. ದಾರಿ ಒಳ್ಳೆಯದಾಗಲಿಲ್ಲ. ತ್ರಿವಳಿ ಈ ಪ್ರಶ್ನೆಯ ಹೊಸ್ತಿಲವರೆಗೆ ಬಂದು, ನ್ಯಾಯ ಗೆದ್ದಿತೆಂಬ ಸಮಾಧಾನದಲ್ಲಿ ಅಲ್ಲಿಯೇ ನಿಲ್ಲುತ್ತದೆ.

ಈ ಸಮಾಧಾನ ಓದುಗರಿಗೆ ಯಾಕೆ ಇಷ್ಟವಾಯಿತು ಎಂಬುದನ್ನು ದಾವಣಗೆರೆಯಲ್ಲಿ ಕುಳಿತು ಅರ್ಥ ಮಾಡಿಕೊಳ್ಳುವುದು ಕಷ್ಟವಲ್ಲ. ಇದು ವೃತ್ತಿ ನಾಟಕ ಕಂಪನಿಗಳ ಊರು. ಚಿಂದೋಡಿ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿ ತಲೆಮಾರುಗಳ ಕಾಲ ಪರದೆ ಎತ್ತಿ ಇಳಿಸಿದ ಸೀಮೆ. ಕಂಪನಿ ನಾಟಕದಲ್ಲಿ ಖಳನೊಬ್ಬ ಇರಲೇಬೇಕು, ಅವನ ಗರ್ವ ಏರಬೇಕು, ಕಡೆಯ ಅಂಕದಲ್ಲಿ ಅವನು ಬೀಳಬೇಕು. ಆ ರುಚಿ ಕೀಳಲ್ಲ. ಅನ್ಯಾಯ ಮಾಡಿದವನಿಗೆ ತಕ್ಕದ್ದಾಗುವುದನ್ನು ಕಣ್ಣಾರೆ ನೋಡಬೇಕೆಂಬ ಆಸೆ ಮನುಷ್ಯನಿಗೆ ಸಹಜ; ಬದುಕಿನಲ್ಲಿ ಅದು ಅಪರೂಪಕ್ಕೆ ಸಿಗುವುದರಿಂದಲೇ ಕಥೆಯಲ್ಲಿ ಅದಕ್ಕಾಗಿ ಕಾಯುತ್ತೇವೆ. ಮುದ್ದಣ್ಣನ ಕಥೆ 2020ರಲ್ಲಿ ಸಿನಿಮಾ ಆಗಿಯೂ ಬಂತು, ಬಿ.ಎಲ್. ವೇಣು ಅವರು ಬಿಚ್ಚುಗತ್ತಿ ಭರಮಣ್ಣನ ಮೇಲೆ ಬರೆದ ಕಾದಂಬರಿಯ ಆಧಾರದಲ್ಲಿ. ಆ ಚಿತ್ರದ ಹೆಸರಿನಲ್ಲೇ ದಳವಾಯಿಯ ದಂಗೆಯಿತ್ತು. ಖಳನ ಸುತ್ತ ಕಟ್ಟಿದ ಕಥೆಗೆ ಅಂಥ ಬಾಳಿಕೆ.

ಎರಡು ತುದಿಗಳ ನಡುವೆ ಒಂದು ಗಟ್ಟಿಯಾದ ಗಂಟು ಇದೆ, ಅದು ದಾವಣಗೆರೆ ಸೀಮೆಯಲ್ಲೇ ಬಿದ್ದದ್ದು. ಭರಮಣ್ಣನ ನಂತರ ಮಗ ಹಿರೇ ಮದಕರಿನಾಯಕ ಪಟ್ಟಕ್ಕೆ ಬಂದ. 1748ರ ಹೊತ್ತಿಗೆ ಬಿದನೂರು, ಹರಪನಹಳ್ಳಿ, ರಾಯದುರ್ಗ, ಸವಣೂರು ಒಟ್ಟಾಗಿ ಅವನ ಮೇಲೆ ಬಂದವು. ದುರ್ಗದ ಕಡೆ ಚಂದಾ ಸಾಹೇಬ ನಿಂತ. ಯುದ್ಧ ನಡೆದದ್ದು ಮಾಯಕೊಂಡದಲ್ಲಿ. ಹರಪನಹಳ್ಳಿಯ ಸೋಮಶೇಖರನಾಯಕನ ಕೈಯಲ್ಲಿ ಹಿರೇ ಮದಕರಿ ರಣರಂಗದಲ್ಲೇ ಬಿದ್ದ, ಚಂದಾ ಸಾಹೇಬ ಸೆರೆಯಾದ. ಮಗ ಕಸ್ತೂರಿ ರಂಗಪ್ಪನಾಯಕ ಗದ್ದುಗೆಯೇರಿ ಸೋಲನ್ನು ಸರಿಪಡಿಸಲು ಹೆಣಗಿದ, ಆದರೆ ಮಕ್ಕಳಿಲ್ಲದೆ ತೀರಿಕೊಂಡ. 1721ರಿಂದ ಅಪ್ಪನ ನಂತರ ಮಗ ಎಂದು ನೇರವಾಗಿ ಬಂದಿದ್ದ ಸಾಲು 1750ರ ದಶಕದಲ್ಲಿ ಕಡಿಯಿತು. ಪಟ್ಟ ಕಟ್ಟುವವರು ಮತ್ತೆ ಬೇಕಾದರು.

‘ದುರ್ಗಾಸ್ತಮಾನ’ ಹುಟ್ಟುವುದು ಈ ಬಿರುಕಿನಿಂದ. ರಾಜಮಾತೆಯೂ ಪ್ರಧಾನಿ ಕಳ್ಳಿ ನರಸಪ್ಪಯ್ಯನಂಥ ಹಿರಿಯರೂ ವಂಶದ ಜಾನಕಲ್ಲಿನ ಕವಲಿನಿಂದ ಹುಡುಗನೊಬ್ಬನನ್ನು ಆರಿಸಿ ತರುತ್ತಾರೆ. ಅವನೇ ಕಡೆಯ ಮದಕರಿನಾಯಕ. ಇಲ್ಲಿ ಕತ್ತಿ ಇಲ್ಲ, ಕೊಲೆ ಇಲ್ಲ. ಸಮಾಲೋಚನೆಯಿದೆ, ಒಪ್ಪಿಗೆಯಿದೆ, ದುರ್ಗದ ಹಿತದ ಯೋಚನೆಯಿದೆ. ಮುದ್ದಣ್ಣನ ಕಾಲದ ಪಾಠವನ್ನು ದುರ್ಗ ಕಲಿತಿದೆ ಎಂದೇ ಓದುಗನಿಗೆ ಅನ್ನಿಸುತ್ತದೆ. ಆರಿಸಿದವರು ಕೆಟ್ಟವರಲ್ಲ, ಆಯ್ಕೆಯಾದವನು ಅಸಮರ್ಥನಲ್ಲ. ಹಾಗಿದ್ದೂ ಇಪ್ಪತ್ತು ಚಿಲ್ಲರೆ ವರ್ಷಗಳಲ್ಲಿ ಎಲ್ಲ ಮುಗಿಯುತ್ತದೆ. ಕಾದಂಬರಿಯ ನಿಜವಾದ ವಿಷಯ ಇದೇ: ಸರಿಯಾಗಿ ಆರಿಸಿದ ಮೇಲೂ ರಾಜ್ಯ ಬೀಳುವುದು ಹೇಗೆ?

ಒಂದೊಂದು ಕಾರಣವೂ ಸಣ್ಣದು. ಬೇರೆ ಕವಲಿನಿಂದ ಬಂದ ಹುಡುಗನನ್ನು ಮನಸ್ಸಿನಲ್ಲಿ ಪೂರ್ತಿ ಒಪ್ಪದವರು ಅರಮನೆಯಲ್ಲೇ ಇದ್ದಾರೆ. ಪಡೆಯಲ್ಲಿ ಸಂಬಳಕ್ಕೆ ಸೇರಿದ ದಂಡು ದೊಡ್ಡದಾಗಿದೆ. ಸಂಬಳದ ದಂಡು ಕೊಡುವ ಕೈಯನ್ನು ನೋಡುತ್ತದೆ. ನೆರೆಯ ನಾಯಕರು ಮಾಯಕೊಂಡದ ಹಗೆಯನ್ನು ಮರೆತಿಲ್ಲ. ಉತ್ತರಕ್ಕೆ ಮರಾಠರು, ದಕ್ಷಿಣಕ್ಕೆ ಹೈದರ್. ಒಬ್ಬರಿಗೆ ಪೊಗದಿ ಕೊಟ್ಟರೆ ಇನ್ನೊಬ್ಬರಿಗೆ ಸಿಟ್ಟು. ಮದಕರಿ ಕೆಲವು ದಂಡಯಾತ್ರೆಗಳಲ್ಲಿ ಹೈದರನ ಜೊತೆಗಿದ್ದ. 1777ರಲ್ಲಿ ಮರಾಠರು ಬರುತ್ತಾರೆಂಬ ನಂಬಿಕೆಯಲ್ಲಿ ಹೈದರನಿಗೆ ಸೈನ್ಯ ಕಳಿಸದೆ ಕಾದ. ಮರಾಠರ ನೆರವು ಸಮಯಕ್ಕೆ ಒದಗಲಿಲ್ಲ. ಮುತ್ತಿಗೆ ಬಿತ್ತು. 1779ರಲ್ಲಿ ಕೋಟೆ ಹೋದದ್ದು ಗೋಡೆ ಒಡೆದದ್ದರಿಂದಲ್ಲ, ಒಳಗಿನ ದಂಡಿನ ಒಂದು ಪಾಲು ಹೈದರನ ಕಡೆಗೆ ತಿರುಗಿದ್ದರಿಂದ. ಮದಕರಿ ಶ್ರೀರಂಗಪಟ್ಟಣಕ್ಕೆ ಸೆರೆಯಾಳಾಗಿ ಹೋದ. ದುರ್ಗದ ಸೀಮೆಯ ಸುಮಾರು ಇಪ್ಪತ್ತು ಸಾವಿರ ಬೇಡರನ್ನು ಹೈದರ್ ಅಲ್ಲಿಗೇ ಸಾಗಿಸಿದ. ಈ ಇಡೀ ಸಾಲಿನಲ್ಲಿ ಇವನೊಬ್ಬನಿಂದ ಎಲ್ಲ ಕೆಟ್ಟಿತು ಎಂದು ಬೆರಳಿಟ್ಟು ತೋರಿಸಬಹುದಾದ ಒಬ್ಬ ಮನುಷ್ಯನಿಲ್ಲ.

ಇದೇ ‘ದುರ್ಗಾಸ್ತಮಾನ’ವನ್ನು ತ್ರಿವಳಿಗಿಂತ ಮೇಲೆ ಇಡುವ ಕಾರಣ. ತ್ರಿವಳಿಯಲ್ಲಿ ಸಂಚು ಒಬ್ಬನ ದುರಾಸೆಯಿಂದ ಹುಟ್ಟಿ ಅವನ ಜೊತೆ ಸಾಯುತ್ತದೆ. ‘ದುರ್ಗಾಸ್ತಮಾನ’ದಲ್ಲಿ ಸಂಚು ಅರಮನೆಯ ದಿನಚರಿಯಲ್ಲೇ ಬೆರೆತಿದೆ. ಪ್ರತಿಯೊಬ್ಬನೂ ತನ್ನ ಮಟ್ಟಿಗೆ ಸಮಂಜಸವಾದ ಲೆಕ್ಕ ಹಾಕುತ್ತಾನೆ. ಆ ಲೆಕ್ಕಗಳೆಲ್ಲ ಕೂಡಿದಾಗ ಕೋಟೆ ಬೀಳುತ್ತದೆ. ಪಟ್ಟ ಕಟ್ಟುವವರು ಯಾರೆಂಬ ಹಳೆಯ ಪ್ರಶ್ನೆಗೆ ಇಲ್ಲಿ ಹೊಸ ಉತ್ತರ ಮೂಡುತ್ತದೆ: ಕೋಟೆಯ ಒಳಗಿನವರು ಯಾರನ್ನೇ ಆರಿಸಲಿ, ಆ ಆಯ್ಕೆಯನ್ನು ಉಳಿಸುವುದೋ ಅಳಿಸುವುದೋ ಹೊರಗಿನ ದೊಡ್ಡ ಬಲಗಳ ಕೈಗೆ ಹೋಗಿದೆ. ಪುಣೆ, ಶ್ರೀರಂಗಪಟ್ಟಣ, ಹೈದರಾಬಾದುಗಳ ನಡುವೆ ಸಿಕ್ಕಿದ ಪಾಳೆಯಪಟ್ಟಿಗೆ ತನ್ನ ನಾಯಕನನ್ನು ತಾನೇ ಉಳಿಸಿಕೊಳ್ಳುವ ಶಕ್ತಿಯಿಲ್ಲ. ಹದಿನೇಳನೇ ಶತಮಾನದ ಸಂಚನ್ನು ಕಂಡ ಕಣ್ಣು ಹದಿನೆಂಟನೆಯದರಲ್ಲಿ ಇನ್ನೂ ದೂರ ನೋಡಿದೆ. ಲೇಖಕನ ತಿಳಿವು ಬೆಳೆದದ್ದು ಇಲ್ಲಿ ಕಾಣುತ್ತದೆ.

ಇದನ್ನು ಗಟ್ಟಿ ಮಾಡಲು ನೆರೆಯ ಅರಮನೆಯನ್ನೊಮ್ಮೆ ನೋಡಬಹುದು. ಮಾಸ್ತಿಯವರ ‘ಚನ್ನಬಸವನಾಯಕ’ 1949ರಲ್ಲಿ ಬಂದದ್ದು. ಬಿದನೂರಿನ ರಾಣಿ ವೀರಮ್ಮಾಜಿಯ ಕಾಲದ ಕಥೆ. ಅಲ್ಲಿಯೂ ಪಟ್ಟದ ಪ್ರಶ್ನೆಯೇ ಕಥೆಯ ಬುಡ. ಇತಿಹಾಸದಲ್ಲಿ ಈ ಎರಡು ಅರಮನೆಗಳು ಒಂದು ಗಳಿಗೆಯಲ್ಲಿ ಮುಟ್ಟಿಕೊಳ್ಳುತ್ತವೆ. 1763ರಲ್ಲಿ ತಾನೇ ಬಿದನೂರಿನ ನಿಜವಾದ ಚನ್ನಬಸವನಾಯಕನೆಂದು ಹೇಳಿಕೊಂಡವನೊಬ್ಬ ಹೈದರನ ಮುಂದೆ ಬಂದದ್ದು ಚಿತ್ರದುರ್ಗದಲ್ಲಿ, ಅವನನ್ನು ಪರಿಚಯಿಸಿದ್ದು ಮದಕರಿನಾಯಕ. ಅವನ ಹಕ್ಕನ್ನೇ ನೆಪ ಮಾಡಿಕೊಂಡು ಹೈದರ್ ಬಿದನೂರನ್ನು ನುಂಗಿದ. ನೆರೆಮನೆಯ ಪಟ್ಟದ ಜಗಳ ಹೊರಗಿನವನಿಗೆ ಹೇಗೆ ಬಾಗಿಲು ತೆರೆಯುತ್ತದೆ ಎಂಬುದನ್ನು ದುರ್ಗ ತನ್ನ ಅಂಗಳದಲ್ಲೇ ನಿಂತು ನೋಡಿತ್ತು. ಹದಿನಾರು ವರ್ಷದ ಮೇಲೆ ಸರದಿ ದುರ್ಗದ್ದಾಯಿತು. ಒಂದೊಂದು ಅರಮನೆಯ ಸಂಚನ್ನೂ ಬೇರೆ ಬೇರೆಯಾಗಿ ಓದಿದರೆ ಈ ಸಾಲು ಕಾಣುವುದಿಲ್ಲ.

ನನ್ನ ಈ ತೀರ್ಪಿಗೆ ಎದುರು ಹೇಳುವವರಿದ್ದಾರೆ, ಅವರ ಮಾತಿನಲ್ಲಿ ಹುರುಳೂ ಇದೆ. ಕಾದಂಬರಿಯನ್ನು ಕಾದಂಬರಿಯಾಗಿ ನೋಡಿದರೆ ತ್ರಿವಳಿಯೇ ಮೇಲು ಎಂಬುದು ಅವರ ವಾದ. ಅಲ್ಲಿ ಪಾತ್ರಗಳು ಕಡಿಮೆ, ಎಳೆ ಬಿಗಿ, ಮಾತು ಹರಿತ. ‘ದುರ್ಗಾಸ್ತಮಾನ’ ಹರಡಿಕೊಂಡಿದೆ, ದಂಡಯಾತ್ರೆಗಳು, ದರಬಾರುಗಳು, ಪತ್ರವ್ಯವಹಾರಗಳು ಪುಟ ಪುಟ ತುಂಬುತ್ತವೆ, ನಾಯಕನ ಮೇಲಿನ ಲೇಖಕರ ಪ್ರೀತಿ ಕೆಲವೆಡೆ ಅವನ ಕುಂದುಗಳನ್ನು ಮುಚ್ಚುತ್ತದೆ. ಇದನ್ನು ನಾನು ಒಪ್ಪುತ್ತೇನೆ. ಕಟ್ಟಡದ ಬಿಗಿಯಲ್ಲಿ ತ್ರಿವಳಿ ಗೆಲ್ಲುತ್ತದೆ. ಆದರೆ ಬಿಗಿ ಬಂದದ್ದು ಖಳನೊಬ್ಬನನ್ನು ನಡುವೆ ನಿಲ್ಲಿಸಿದ್ದರಿಂದ. ಖಳನಿಲ್ಲದ ಕುಸಿತವನ್ನು ಹೇಳಹೊರಟ ಪುಸ್ತಕ ಹರಡಿಕೊಳ್ಳದೆ ವಿಧಿಯಿಲ್ಲ. ಕಾರಣಗಳು ಚದುರಿರುವಲ್ಲಿ ಕಥೆಯೂ ಚದುರಬೇಕು. ಹರಡುವಿಕೆಯನ್ನು ದೋಷವೆಂದು ಎಣಿಸುವ ಮೊದಲು ವಿಷಯವೇ ಅದನ್ನು ಕೇಳಿತೇ ಎಂದು ನೋಡುವುದು ಹೋಲಿಕೆಯ ಧರ್ಮ.

ಇನ್ನೊಂದು ಆಕ್ಷೇಪ ಇದಕ್ಕಿಂತ ತೂಕದ್ದು. ಕಥೆಯನ್ನು ಅಧಿಕಾರದ ಪಾಠವಾಗಿ ಓದಿದರೆ ಮನುಷ್ಯರು ಕಳೆದುಹೋಗುವುದಿಲ್ಲವೇ? ಅಂತಃಪುರದ ಹೆಂಗಸಿನ ಕಣ್ಣೀರು, ಸಹೋದರರ ನಡುವಿನ ಮುನಿಸು, ಹಳೆಯ ಸೇವಕನ ನಿಷ್ಠೆ, ಇವೆಲ್ಲ ರಾಜಕೀಯದ ಉದಾಹರಣೆಗಳಾಗಿಬಿಟ್ಟರೆ ಸಾಹಿತ್ಯ ಉಳಿಯುವುದೆಲ್ಲಿ? ಭಯ ನಿಜ. ಆದರೆ ಅರಮನೆಯ ಕಥೆಯಲ್ಲಿ ಮನುಷ್ಯರ ಸಂಬಂಧಗಳನ್ನು ಹಿಂಡುವುದು ಪಟ್ಟದ ಪ್ರಶ್ನೆಯೇ. ಇನ್ನೊಬ್ಬಳ ಮಗನನ್ನು ತನ್ನವನೆಂದು ಎತ್ತಿಕೊಳ್ಳಬೇಕಾದ ರಾಜಮಾತೆಯ ಸಂಕಟ, ದೊರೆಯಾದ ಅಣ್ಣನ ಮುಂದೆ ಕೈಕಟ್ಟಿ ನಿಲ್ಲಬೇಕಾದ ತಮ್ಮನ ಮೌನ, ತನ್ನ ಕೈಯಾರೆ ಬೆಳೆಸಿದ ಹುಡುಗನ ಅಪ್ಪಣೆಗೆ ಕಾಯಬೇಕಾದ ಮುದಿ ಪ್ರಧಾನಿಯ ಮನಸ್ಸು, ಇವು ಆ ಪ್ರಶ್ನೆಯಿಂದಲೇ ಹುಟ್ಟಿದವು. ಪ್ರಶ್ನೆಯನ್ನು ಬಿಟ್ಟು ದುಃಖವನ್ನಷ್ಟೇ ಓದಿದರೆ ದುಃಖಕ್ಕೆ ಬೇರಿಲ್ಲದಂತಾಗುತ್ತದೆ.

ಇಡೀ ಮಾಲೆಯ ಮೇಲೆ ನನಗಿರುವ ತಕರಾರು ಬೇರೆ. ಅದು ಬಯಲಿನವರ ತಕರಾರು. ತ.ರಾ.ಸು. ದುರ್ಗವನ್ನು ಕೋಟೆಯ ಒಳಗಿನಿಂದ ನೋಡುತ್ತಾರೆ. ಕೆಳಗಿನ ಊರುಗಳು ದಂಡು ದಾಟಿಹೋಗುವ ನೆಲ. ಮಾಯಕೊಂಡ, ಅಣಜಿ, ಸಂತೆಬೆನ್ನೂರು, ಜಗಳೂರುಗಳ ಕಡೆಯಿಂದ ನೋಡಿದರೆ ಅದೇ ಕಥೆಗೆ ಬೇರೆ ಮುಖ. ತುಂಗಭದ್ರೆಗೆ ಹರಿದ್ರಾ ಸೇರುವ ಹರಿಹರದಲ್ಲಿ ಹೊಯ್ಸಳರ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಕಟ್ಟಿಸಿದ ಹರಿಹರೇಶ್ವರನ ಗುಡಿಯಿದೆ. ವಿಜಯನಗರದ ನಂತರ ಆ ಊರು ತರೀಕೆರೆಯ ನಾಯಕರ ಕೈಗೆ ಹೋಗಿ, ಸವಣೂರಿನ ನವಾಬರಿಗೆ ಸೇರಿ, ಬಿದನೂರಿನವರ, ಮರಾಠರ ವಶವಾಗಿ, 1763ರಲ್ಲಿ ಹೈದರನಿಗೆ ಸಿಕ್ಕಿತು. ಆಮೇಲೂ ಮರಾಠರು ಮತ್ತೆ ಮತ್ತೆ ಹಿಡಿದರು. ದಾವಣಗೆರೆಯಂತೂ ಬೇತೂರಿನ ಮಗ್ಗುಲಿನ ಸಣ್ಣ ಹಳ್ಳಿ. ಹೈದರ್ ಅದನ್ನು ಮರಾಠಾ ಸರದಾರನೊಬ್ಬನಿಗೆ ಜಹಗೀರು ಕೊಟ್ಟ, ಆ ಸರದಾರ ವ್ಯಾಪಾರಿಗಳನ್ನು ಕರೆಸಿ ನೆಲೆಗೊಳಿಸಿದ. ದುರ್ಗವನ್ನು ಕೆಡವಿದ ಕೈಯೇ ಈ ಪೇಟೆಗೆ ಮೊದಲ ಬೀಜ ಹಾಕಿತು. ಪಟ್ಟ ಬದಲಾದಾಗ ಕಂದಾಯ ಯಾರಿಗೆ ಹೋಯಿತು, ಯಾವ ಸಂತೆ ಕಟ್ಟಿತು, ಯಾವುದು ಮುಚ್ಚಿತು, ದಂಡು ಹಾದುಹೋದ ವರ್ಷ ಜೋಳ ಬಿತ್ತಿದವರಿಗೆ ಏನು ಉಳಿಯಿತು, ಈ ಲೆಕ್ಕವನ್ನು ಮಾಲೆಯ ಯಾವ ಪುಸ್ತಕವೂ ಮನಸ್ಸಿಟ್ಟು ಮಾಡಲಿಲ್ಲ. ಹರಿಹರ ತಾಲ್ಲೂಕಿನಲ್ಲಿ ಹುಟ್ಟಿದ ಲೇಖಕರು ಹೊಳೆಯ ಈ ದಡದಿಂದ ಒಂದು ಸಂಪುಟ ಬರೆದಿದ್ದರೆ ಮಾಲೆ ಪೂರ್ಣವಾಗುತ್ತಿತ್ತು.

ಓದುವ ಕ್ರಮದ ಬಗ್ಗೆಯೂ ಒಂದು ಮಾತು ಹೇಳಬೇಕು. ಪ್ರಶಸ್ತಿಯ ಹೆಸರು ಕೇಳಿ ಹೆಚ್ಚಿನವರು ‘ದುರ್ಗಾಸ್ತಮಾನ’ದಿಂದಲೇ ಶುರು ಮಾಡುತ್ತಾರೆ, ಎಷ್ಟೋ ಜನ ಅಲ್ಲಿಗೇ ನಿಲ್ಲುತ್ತಾರೆ. ಇದರಿಂದ ಅವರಿಗೆ ವೀರನೊಬ್ಬನ ದುರಂತ ಸಿಗುತ್ತದೆ, ಆದರೆ ಅದರ ಅರ್ಧ ಅರ್ಥ ಕೈತಪ್ಪುತ್ತದೆ. ಕಲ್ಕಿಯವರ ಕಾದಂಬರಿಯಲ್ಲಿ ಮೊದಲ ಭಾಗದಲ್ಲಿ ಕಂಡವರೇ ಐದನೆಯದರಲ್ಲೂ ಇರುತ್ತಾರೆ. ಕ್ರಮ ತಪ್ಪಿದರೆ ಕಥೆಯೇ ತಿಳಿಯದು. ದುರ್ಗದ ಮಾಲೆಯಲ್ಲಿ ತಲೆಮಾರುಗಳು ಬದಲಾಗುತ್ತವೆ, ಒಂದೊಂದು ಪುಸ್ತಕವೂ ತನ್ನಷ್ಟಕ್ಕೆ ನಿಲ್ಲುತ್ತದೆ. ಹಾಗಾಗಿ ಕ್ರಮ ಬೇಕಿಲ್ಲ ಎಂದು ತೋರುತ್ತದೆ. ಆದರೆ ಮುದ್ದಣ್ಣನ ಕಾಲದಲ್ಲಿ ಕತ್ತಿಯಿಂದ ಪಟ್ಟ ಕಟ್ಟಿದ್ದನ್ನು ಓದಿದವರಿಗೆ ಮಾತ್ರ ಜಾನಕಲ್ಲಿನ ಹುಡುಗನನ್ನು ಒಪ್ಪಿಗೆಯಿಂದ ಕರೆತಂದದ್ದು ಎಷ್ಟು ದೊಡ್ಡ ಹೆಜ್ಜೆ ಎಂಬುದು ಗೊತ್ತಾಗುತ್ತದೆ. ಆ ಹೆಜ್ಜೆಯ ಬೆಲೆ ಗೊತ್ತಾದವರಿಗೆ ಮಾತ್ರ ಅದು ವ್ಯರ್ಥವಾದದ್ದರ ನೋವು ಪೂರ್ತಿ ತಟ್ಟುತ್ತದೆ. ‘ಕಂಬನಿಯ ಕುಯಿಲಿ’ನಿಂದ ಆರಂಭಿಸಿ ‘ದುರ್ಗಾಸ್ತಮಾನ’ಕ್ಕೆ ಬರುವುದೇ ಸರಿಯಾದ ದಾರಿ.

1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆಯಾದಾಗ ಮಾಯಕೊಂಡವೂ ಹರಪನಹಳ್ಳಿಯೂ ಒಂದೇ ಜಿಲ್ಲೆಗೆ ಸೇರಿದ್ದವು. 2018ರವರೆಗೆ ಹಾಗೆಯೇ ಇದ್ದವು. ಕೊಂದವನ ಊರೂ ಸತ್ತವನ ರಣರಂಗವೂ ಒಂದೇ ಕಚೇರಿಗೆ ಅರ್ಜಿ ಹಾಕುತ್ತಿದ್ದವು. ಮಾಯಕೊಂಡ ಇಂದು ಒಂದು ವಿಧಾನಸಭಾ ಕ್ಷೇತ್ರದ ಹೆಸರು. ದಳವಾಯಿಯೂ ರಾಜಮಾತೆಯೂ ಹೈದರನೂ ಹಿಡಿದುಕೊಂಡಿದ್ದ ಆರಿಸುವ ಅಧಿಕಾರ ಅಲ್ಲಿನ ಸಾಲು ನಿಂತ ಜನರ ಕೈಗೆ ಬಂದಿದೆ. ಅದಕ್ಕಾಗಿಯೇ ಈ ಕಾದಂಬರಿಗಳನ್ನು ಖಳನ ಸೋಲಿನ ಖುಷಿಗೋ ವೀರನ ಸಾವಿನ ಅಳುವಿಗೋ ಓದಿ ಮುಗಿಸಬಾರದು ಎನ್ನುತ್ತೇನೆ. ಒಬ್ಬ ಕೆಟ್ಟವನನ್ನು ತೆಗೆದರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆಯನ್ನು ತ್ರಿವಳಿ ನಮಗೆ ಕೊಡುತ್ತದೆ. ಆ ನಂಬಿಕೆ ಎಷ್ಟು ದೂರ ನಡೆಸೀತು ಎಂಬುದನ್ನು ‘ದುರ್ಗಾಸ್ತಮಾನ’ ತೋರಿಸುತ್ತದೆ. ಆರಿಸುವ ಅಧಿಕಾರ ಸಿಕ್ಕವರಿಗೆ ಮೊದಲನೆಯದು ಧೈರ್ಯ ಕೊಟ್ಟರೆ ಎರಡನೆಯದು ಎಚ್ಚರ ಕಲಿಸುತ್ತದೆ. ಮಾಲೆಯಲ್ಲಿ ಯಾವುದು ದೊಡ್ಡದು ಎಂದು ಕೇಳಿದರೆ ಎಚ್ಚರ ಕಲಿಸುವ ಪುಸ್ತಕದ ಹೆಸರನ್ನೇ ನಾನು ಹೇಳುತ್ತೇನೆ. ಜೊತೆಗೆ, ಉಳಿದವನ್ನು ಓದದೆ ಅದನ್ನು ಓದಬೇಡಿ ಎಂದೂ ಹೇಳುತ್ತೇನೆ.